ಸಿಮೆಂಟ್ ಚೀಲದಲ್ಲಿ ರಾಗಿ ಬೇಡ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕಿಗೆ ಹೋದರೂ ಹೊಸ ಮನೆಗಳು ಏಳುತ್ತಿವೆ. ಗೃಹಪ್ರವೇಶವಾದ ಮೇಲೆ ಹಿತ್ತಲಿನಲ್ಲಿ ಉಳಿಯುವುದು ಖಾಲಿ ಚೀಲಗಳ ರಾಶಿ. ಮಾಲೂರಿನ ಇಟ್ಟಿಗೆಗೆ ಹೊದಿಕೆಯೇ ಬೇಕಿರಲಿಲ್ಲ. ಹೆಂಚು ಒಡೆಯದಂತೆ ನಡುವೆ ಇಡುತ್ತಿದ್ದ ಹುಲ್ಲು ಕೊನೆಗೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಸಿಮೆಂಟ್ ಸಹ ಹಿಂದೆ ಸೆಣಬಿನ ಗೋಣಿಯಲ್ಲಿ ಬರುತ್ತಿತ್ತು. ಆ ಗೋಣಿ ಸೋರುತ್ತಿತ್ತು, ಹೊರುವವರ ಮೈಯೆಲ್ಲ ಧೂಳಾಗುತ್ತಿತ್ತು ಎಂಬುದು ನಿಜ. ಆದರೆ ಅದು ಮಣ್ಣಿಗೆ ಬಿದ್ದರೆ ಮಣ್ಣಾಗುತ್ತಿತ್ತು. ಇಂದಿನ ಚೀಲವನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಂದ ನೇಯುತ್ತಾರೆ. ಸಾವಿರ ಚದರಡಿಯ ಮನೆಗೆ 50 ಕಿಲೋ ತೂಕದ ಸುಮಾರು 400 ಚೀಲ ಸಿಮೆಂಟ್ ಬೇಕು. ಖಾಲಿ ಚೀಲವೊಂದು 75 ಗ್ರಾಂ ತೂಗಿದರೂ ಒಂದು ಮನೆಯಿಂದ 30 ಕಿಲೋ ಪ್ಲಾಸ್ಟಿಕ್ ಉಳಿಯಿತು.

ಏನನ್ನೂ ಬಿಸಾಡದಿರುವುದು ನಮ್ಮ ಜನರ ಸದ್ಗುಣ. ಆ ಸದ್ಗುಣವೇ ಇಲ್ಲಿ ತೊಡಕಾಗಿದೆ. ಚೀಲವನ್ನು ಕೊಡವಿ, ಜಾಲಿಸಿ, ಅದರಲ್ಲಿ ರಾಗಿ ತುಂಬುವವರನ್ನೂ ಅದನ್ನು ಹಾಸಿ ಹುಣಸೆಹಣ್ಣು ಒಣಗಿಸುವವರನ್ನೂ ನಾವು ಕಾಣುತ್ತಿದ್ದೇವೆ. ಸಿಮೆಂಟ್ ತೀಕ್ಷ್ಣವಾದ ಕ್ಷಾರ. ಅದರಲ್ಲಿ ಅಲ್ಪ ಪ್ರಮಾಣದ ಕ್ರೋಮಿಯಂ ಕೂಡ ಇರುತ್ತದೆ. ಗಾರೆ ಕೆಲಸದವರ ಕೈಗಳಲ್ಲಿ ಕಾಣುವ, ಬೇಗನೆ ಮಾಯದ ಇಸುಬಿಗೆ ಇವೆರಡೂ ಕಾರಣ. ಯುರೋಪಿನ ದೇಶಗಳು ಸಿಮೆಂಟಿನಲ್ಲಿ ನೀರಿಗೆ ಕರಗುವ ಈ ಕ್ರೋಮಿಯಂ ಹತ್ತು ಲಕ್ಷ ಭಾಗಕ್ಕೆ 2 ಭಾಗವನ್ನು ಮೀರಬಾರದೆಂದು 2005ರಿಂದ ಕಟ್ಟಳೆ ಮಾಡಿವೆ. ನೇಯ್ಗೆಯ ಸಂದಿಯಲ್ಲಿ ಕುಳಿತ ಪುಡಿ ಒಂದೆರಡು ಬಾರಿ ತೊಳೆದರೆ ಹೋಗದು. ನೀರು ತಾಗಿ ಅಲ್ಲಿಯೇ ಗಟ್ಟಿಯಾಗಿ, ಮುಂದೆ ಧಾನ್ಯಕ್ಕೆ ಉದುರುತ್ತದೆ. ಬಿಸಿಲಿಗೆ ಬಿದ್ದ ಚೀಲವಂತೂ ಕೆಲವೇ ತಿಂಗಳಲ್ಲಿ ಎಳೆಎಳೆಯಾಗಿ ಮೇವಿನಲ್ಲಿ ಬೆರೆಯುತ್ತದೆ. ಹಸುವಿನ ಹೊಟ್ಟೆ ಸೇರಿದ ಆ ಎಳೆ ಕರಗುವುದಿಲ್ಲ.

ಇನ್ನು ಹಂಡೆಯೊಲೆ ಹೊತ್ತಿಸಲು ಚೀಲದ ತುಂಡನ್ನು ತುರುಕುವ ರೂಢಿ. ಆ ಹೊಗೆಯನ್ನು ಮೊದಲು ಕುಡಿಯುವವರು ಮನೆಯ ಹೆಣ್ಣುಮಕ್ಕಳು. ದಮ್ಮಿನ ರೋಗಿಗೆ ನಾವು ಎಷ್ಟು ಕಷಾಯ ಕೊಟ್ಟರೇನು, ಬೆಳಗಾದರೆ ಮತ್ತೆ ಅದೇ ಒಲೆ! ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೇ ಇದೆ. ಗಾಳಿ, ನೀರು, ನೆಲ, ಕಾಲ ಕೆಟ್ಟರೆ ಬೇರೆ ಬೇರೆ ಪ್ರಕೃತಿಯವರೂ ಒಂದೇ ರೋಗಕ್ಕೆ ತುತ್ತಾಗುತ್ತಾರೆ ಎಂಬುದು ಅಲ್ಲಿನ ವಿಚಾರ.

ಚೀಲಗಳನ್ನು ಕೆರೆಯಂಚಿನಲ್ಲಿ ತೊಳೆಯುವುದೂ ಸಲ್ಲದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ತುಂಬುತ್ತಿರುವ ನಮ್ಮ ಕೆರೆಗಳಿಂದಲೇ ಸುತ್ತಲ ಬಾವಿಗಳಿಗೆ ಒರತೆ. ಮನೆ ಕಟ್ಟಿಸುವವರು ಮೇಸ್ತ್ರಿಯೊಡನೆ ಮಾತಾಡುವಾಗಲೇ ಖಾಲಿ ಚೀಲಗಳನ್ನು ಎಣಿಸಿ, ಕಟ್ಟಿ ಗುಜರಿಗೆ ಹಾಕುವ ಹೊಣೆಯನ್ನೂ ಗೊತ್ತುಮಾಡಲಿ. ಕೊಡವುವಾಗ ಮೂಗುಬಾಯಿಗೆ ಬಟ್ಟೆ ಇರಲಿ, ಮಕ್ಕಳು ದೂರವಿರಲಿ. ಮರಳು, ಕಲ್ಲುಚೂರು ತುಂಬಲು ಅವು ಆಗಬಹುದು, ಧಾನ್ಯಕ್ಕಲ್ಲ. ದಾಸೋಹಕ್ಕೆ ಅಕ್ಕಿ, ರಾಗಿ ತರುವ ಭಕ್ತರಲ್ಲಿಯೂ ನಮ್ಮ ಬಿನ್ನಹವಿದು: ಗೋಣಿಯಲ್ಲಿ ತನ್ನಿ. ಆಹಾರಧಾನ್ಯ ತುಂಬಲು ಸೆಣಬಿನ ಚೀಲವನ್ನೇ ಬಳಸಬೇಕೆಂಬ 1987ರ ಕೇಂದ್ರ ಕಾಯಿದೆ ಇರುವುದರಿಂದ ಒಳ್ಳೆಯ ಗೋಣಿಗಳು ಮಂಡಿಗಳಲ್ಲಿ ಇಂದಿಗೂ ಸಿಗುತ್ತವೆ.