ಎಚ್ಚರ ತಪ್ಪಿ ಬಿದ್ದವರ ನಾಡಿ

ಕಲ್ಯಾಣಮಂಟಪದ ಜನಸಂದಣಿಯಲ್ಲಿಯೋ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿಯೋ ನಿಂತಿದ್ದವರೊಬ್ಬರು ಮೈ ಬೆವತು, ಮುಖ ಬಿಳಿಚಿ, ಕಣ್ಣು ಕತ್ತಲಿಟ್ಟು ಕುಸಿದಾಗ, ಸುತ್ತಲಿನವರು ಅವರನ್ನು ಎತ್ತಿ ಕೂರಿಸಿ ಬಾಯಿಗೆ ನೀರು ಬಿಡುವುದು ವಾಡಿಕೆ. ಸದುದ್ದೇಶದ ಈ ಎರಡು ಉಪಚಾರಗಳೂ ಅಪಾಯಕರವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಮಿದುಳಿಗೆ ಹರಿಯುವ ರಕ್ತವು ಕೆಲವೇ ಸೆಕೆಂಡುಗಳ ಕಾಲ ಕುಂದಿದರೂ ಪ್ರಜ್ಞೆ ತಪ್ಪುವುದು. ದೇಹವು ನೆಲಕ್ಕೊರಗಿದೊಡನೆ ರಕ್ತವು ಶಿರಸ್ಸಿಗೆ ಮರಳುವುದರಿಂದ, ಅವರನ್ನು ಮಲಗಿಸಿ ಕಾಲುಗಳನ್ನು ತುಸು ಮೇಲೆತ್ತುವುದೇ ಯುಕ್ತವಾದ ಉಪಚಾರ. ಎಚ್ಚರವಿಲ್ಲದವರ ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿದೀತು.

ಇಂತಹ ಮೂರ್ಛೆಗಳಲ್ಲಿ ಹೆಚ್ಚಿನವು, ಬಹಳ ಹೊತ್ತು ನಿಂತುದರಿಂದಲೋ ಸೆಖೆ, ಉಪವಾಸ, ಸೂಜಿಯ ಭಯಗಳಿಂದಲೋ ನಾಡಿ ನಿಧಾನಗೊಂಡು, ರಕ್ತನಾಳಗಳು ಸಡಿಲಿ ಉಂಟಾಗುವ ನಿರಪಾಯಕರವಾದವು. ವೃದ್ಧರು, ಅದರಲ್ಲಿಯೂ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು, ನಡುರಾತ್ರಿ ಥಟ್ಟನೆ ಎದ್ದು ಬೀಳುವುದುಂಟು. ಮಲಗಿದ್ದಾಗಲೂ ಎದ್ದು ನಿಂತ 3 ನಿಮಿಷಗಳೊಳಗೂ ಒತ್ತಡವನ್ನಳೆದು, ಮೇಲಿನ ಅಂಕಿಯು 20ರಷ್ಟು ಇಳಿದಿದ್ದರೆ ಕಾರಣದ ಸುಳಿವು ಸಿಕ್ಕಂತೆಯೇ.

ಹೃದಯದಿಂದ ಹುಟ್ಟುವ ಮೂರ್ಛೆಯ ಸಂಗತಿ ಬೇರೆ. ಡಬ್ಲಿನ್ ನಗರದ ವೈದ್ಯರಾದ ರಾಬರ್ಟ್ ಆಡಮ್ಸ್ 1827ರಲ್ಲಿಯೂ ವಿಲಿಯಂ ಸ್ಟೋಕ್ಸ್ 1846ರಲ್ಲಿಯೂ, ಪದೇ ಪದೇ ಎಚ್ಚರ ತಪ್ಪುತ್ತಿದ್ದ ರೋಗಿಗಳ ನಾಡಿಯು ಅತಿ ಮಂದವಾಗಿದ್ದುದನ್ನು ಕಂಡು, ದೋಷದ ಮೂಲ ಮಿದುಳಲ್ಲ, ಹೃದಯವೆಂದು ತರ್ಕಿಸಿದರು, ಇ.ಸಿ.ಜಿ. ಎಂಬುದೇ ಇಲ್ಲದ ಕಾಲದ ಆ ಸೂಕ್ಷ್ಮದೃಷ್ಟಿ ನಿಜಕ್ಕೂ ವಂದನೀಯ. ಇದೇ ವ್ಯಾಧಿಯಿಂದ ದಿನಕ್ಕೆ ಹಲವು ಬಾರಿ ಪ್ರಜ್ಞೆ ತಪ್ಪುತ್ತಿದ್ದ ಸ್ವೀಡನ್ನಿನ ಆರ್ನೆ ಲಾರ್ಸನ್ನರ ದೇಹದೊಳಗೆ 1958ರಲ್ಲಿ ಮೊತ್ತಮೊದಲ ಪೇಸ್‌ಮೇಕರನ್ನು ಅಳವಡಿಸಲಾಯಿತು. ಅವರು 2001ರವರೆಗೆ ಬಾಳಿದರು.

ಆದುದರಿಂದ ಓಡುವಾಗ, ಭಾರ ಹೊರುವಾಗ ಅಥವಾ ಮಲಗಿರುವಾಗಲೇ ಎಚ್ಚರ ತಪ್ಪಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ಎದೆನೋವೋ ಎದೆಬಡಿತವೋ ಜೊತೆಗಿದ್ದರೆ, ಮೊದಲೇ ಹೃದ್ರೋಗವಿದ್ದರೆ, ಮನೆತನದಲ್ಲಿ ಎಳೆವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಮಲ ಕಪ್ಪಾಗಿದ್ದರೆ, ಗರ್ಭಿಣಿಗೆ ಹೊಟ್ಟೆನೋವಿದ್ದರೆ ಒಳಗಿನ ರಕ್ತಸ್ರಾವದ ಶಂಕೆಯಿಂದ ಇನ್ನೂ ತ್ವರೆ ಬೇಕು. ಮೊದಲ ಪರೀಕ್ಷೆಯಾದ ಇ.ಸಿ.ಜಿ. ಅಲ್ಪವೆಚ್ಚದ್ದು, ಅಗತ್ಯವೆನಿಸಿದರೆ ಎಕೋ ಪರೀಕ್ಷೆಯನ್ನೂ, ಇಡೀ ದಿನದ ಬಡಿತವನ್ನು ದಾಖಲಿಸುವ ಹೋಲ್ಟರನ್ನೂ ವೈದ್ಯರು ಸೂಚಿಸುವರು. ತಲೆಗೆ ಪೆಟ್ಟಾಗಿರದೆ, ಕೈಕಾಲಿನ ಸ್ವಾಧೀನವಾಗಲಿ ಮಾತಾಗಲಿ ತಪ್ಪಿರದೆ ಇರುವಾಗ ತಲೆಯ ಸ್ಕ್ಯಾನಿಗಾಗಿ ಹಟ ಹಿಡಿಯುವುದರಿಂದ ಫಲ ಅತ್ಯಲ್ಪ.

ಸಾಧಾರಣ ಮೂರ್ಛೆಯಲ್ಲಿಯೂ ಕೈಕಾಲು ಕ್ಷಣಕಾಲ ಅದುರುವುದುಂಟು. ಅದನ್ನೇ ಅಪಸ್ಮಾರವೆಂದು ಬಗೆದು ಕೈಯಲ್ಲಿ ಕಬ್ಬಿಣದ ಬೀಗದಕೈ ಇರಿಸುತ್ತಾರೆ, ತಾನಾಗಿಯೇ ಮರಳಿದ ಎಚ್ಚರದ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಅಪಸ್ಮಾರದಲ್ಲಾದರೋ ಎಚ್ಚರವಾದ ಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಬಿದ್ದವರಿಗೆ ಇದಾವುದೂ ನೆನಪಿರದು. ಆದಕಾರಣ, ಕಂಡವರೇ, ಮುಖದ ಬಣ್ಣ ಹೇಗಿತ್ತು, ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಎದ್ದೊಡನೆ ಏನು ನುಡಿದರು ಎಂಬುದನ್ನು ಬರೆದಿಟ್ಟುಕೊಂಡು, ವೈದ್ಯರಲ್ಲಿಗೆ ಅವರ ಜೊತೆಯಲ್ಲಿ ನೀವೂ ಹೋಗಿರಿ.