ವಿಶ್ವವಿದ್ಯಾನಿಲಯದಲ್ಲಿ ನಿರ್ಣಯದ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಪ್ರಥಮದರ್ಜೆ ಕಾಲೇಜುಗಳಲ್ಲಿ ಕನ್ನಡದ ಪಠ್ಯ ಯಾವುದಿರಬೇಕು, ಹೊಸ ವಿಷಯದ ಬೋಧನೆಗೆ ಅನುಮತಿಯುಂಟೋ ಇಲ್ಲವೋ, ಪದವಿಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಮುದ್ರೆ ಬೀಳಬೇಕು ಎಂಬ ಈ ಮೂರು ಪ್ರಶ್ನೆಗಳನ್ನು ನಿರ್ಣಯಿಸತಕ್ಕವರು ಯಾರು? ಸಿಂಡಿಕೇಟ್ ಎಂಬ ಆಡಳಿತಮಂಡಲಿಯೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಉತ್ತರವು ಮೊದಲನೆಯ ಪ್ರಶ್ನೆಗೆ ಸ್ವಲ್ಪಮಟ್ಟಿಗೆ ಸಲ್ಲುತ್ತದೆ. ಎರಡನೆಯದಕ್ಕೆ ಅರ್ಧ ಸಲ್ಲುತ್ತದೆ. ಮೂರನೆಯದಕ್ಕೆ ಸಲ್ಲುವುದೇ ಇಲ್ಲ. ಇದು ಹೇಗೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ನೆಯ ಇಸವಿ ಜುಲೈ 27ರಂದು ಸ್ಥಾಪಿತವಾಯಿತು. ಮಹಾರಾಜರೇ ಮೊದಲ ಕುಲಾಧಿಪತಿಗಳು. ಹಿಂದಿನ ವರ್ಷವಷ್ಟೇ ಕರ್ಣಾಟಕ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರಾಗಿದ್ದ ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಅಂದಿನ ವ್ಯವಸ್ಥೆಯಲ್ಲಿ ಕಾರ್ಯನಿರ್ವಾಹಕ್ಕೆ ಕೌನ್ಸಿಲ್ ಎಂಬ ಸಣ್ಣ ಸಭೆಯೂ, ವಿಚಾರಕ್ಕೆ ಸೆನೆಟ್ ಎಂಬ ದೊಡ್ಡ ಸಭೆಯೂ ಇದ್ದುವು. 1927ರಲ್ಲಿ ಕನ್ನಡಕ್ಕೆ ಎಂ. ಎ. ತರಗತಿ ದೊರೆತುದು ಈ ವ್ಯವಸ್ಥೆಯ ಕಾಲದಲ್ಲಿಯೇ. ತರುವಾಯ 1976ರಲ್ಲಿ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆಲ್ಲ ಸಮಾನವಾದ ಕಾಯಿದೆಯೂ, ಅದರ ಸ್ಥಾನದಲ್ಲಿ 2000ದ ಕಾಯಿದೆಯೂ ಬಂದುವು. ಈ ಕೊನೆಯ ಕಾಯಿದೆಯಲ್ಲಿ ಸೆನೆಟ್ಟಿಗೆ ಸ್ಥಾನವಿಲ್ಲ. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ, ನಿಕಾಯಗಳು, ಅಧ್ಯಯನ ಮಂಡಲಿಗಳು ಇವೇ ಮುಖ್ಯವಾದ ಪ್ರಾಧಿಕಾರಗಳು. ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು, ಕುಲಪತಿಗಳು ಸಿಂಡಿಕೇಟಿನ ಅಧ್ಯಕ್ಷರು. ಸರ್ಕಾರದ ಶಿಕ್ಷಣಾಧಿಕಾರಿಗಳು, ಡೀನರು, ಪ್ರಾಂಶುಪಾಲರು, ಸರ್ಕಾರದಿಂದಲೂ ಕುಲಾಧಿಪತಿಗಳಿಂದಲೂ ನಾಮಕರಣ ಹೊಂದಿದವರು ಅದರ ಸದಸ್ಯರು.

ಇಂತಹ ಸಭೆಯಲ್ಲಿ ಒಂದು ನಿರ್ಣಯವು ಹುಟ್ಟುವ ಬಗೆಯನ್ನು ತಿಳಿಯಲು ಮೀಮಾಂಸಾಶಾಸ್ತ್ರದ ಅಧಿಕರಣವನ್ನು ನೆನೆಯುವುದು ಅನುಕೂಲ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳುಳ್ಳದ್ದು ಅಧಿಕರಣ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳದೆ ಸಿದ್ಧಾಂತಕ್ಕೆ ಹಾರುವವನನ್ನು ಶಾಸ್ತ್ರಜ್ಞರು ಮನ್ನಿಸುವುದಿಲ್ಲ.

ಅರಕಲಗೂಡಿನ ಕಾಲೇಜೊಂದು ಹೊಸದೊಂದು ವಿಷಯವನ್ನು ಬೋಧಿಸಲು ಬಯಸಿತೆಂದು ಭಾವಿಸೋಣ. ಕಾಲೇಜಿನ ಅರ್ಜಿಯು ವಿಷಯ. ಅಧ್ಯಾಪಕರು, ಕೊಠಡಿಗಳು, ಪುಸ್ತಕಭಂಡಾರ ಸಾಕಷ್ಟಿವೆಯೇ ಎಂಬುದು ಸಂಶಯ. ಇದನ್ನು ಪರಿಹರಿಸಲು ಸ್ಥಾನಿಕ ವಿಚಾರಣಾ ಸಮಿತಿಯು ಊರಿಗೆ ಹೋಗಿ ಕಣ್ಣಾರೆ ನೋಡಿ ವರದಿಯನ್ನೊಪ್ಪಿಸುತ್ತದೆ. ಆ ವರದಿಯಲ್ಲಿ ಕೊರತೆಗಳನ್ನು ಎತ್ತಿ ಹೇಳುವ ಭಾಗವೇ ಪೂರ್ವಪಕ್ಷ. ವಿದ್ಯಾವಿಷಯಕ ಪರಿಷತ್ತು ಇದನ್ನು ವಿಮರ್ಶಿಸಿದ ಮೇಲೆ ಸಿಂಡಿಕೇಟು ತನ್ನ ಅಭಿಪ್ರಾಯವನ್ನು ಸೇರಿಸುತ್ತದೆ. ಆದರೆ ಸರ್ಕಾರದ ಸಮ್ಮತಿ ಬರುವವರೆಗೆ ಸಿದ್ಧಾಂತವು ಸಿದ್ಧಾಂತವಾಗದು. ಪಠ್ಯದ ವಿಷಯದಲ್ಲಾದರೋ ಕ್ರಮವು ಇಷ್ಟು ದೀರ್ಘವಲ್ಲ. ಕನ್ನಡದ ಅಧ್ಯಯನ ಮಂಡಲಿಯಲ್ಲಿ ಕುಳಿತ ಅಧ್ಯಾಪಕರು ಗೊತ್ತುಮಾಡಿದ್ದು ನಿಕಾಯ, ವಿದ್ಯಾವಿಷಯಕ ಪರಿಷತ್ತುಗಳನ್ನು ಹಾದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಪರಿನಿಯಮಗಳಿಗೆ ಕುಲಾಧಿಪತಿಗಳ ಅಂಗೀಕಾರವು ಅವಶ್ಯ. ತುರ್ತಾದ ಸಂದರ್ಭದಲ್ಲಿ ಕುಲಪತಿಗಳು ಒಬ್ಬರೇ ಆಜ್ಞೆ ಮಾಡಬಹುದಾದರೂ ಅದನ್ನು ಸಂಬಂಧಪಟ್ಟ ಸಭೆಯ ಮುಂದೆ ಇಡಬೇಕು. ವಿಷಯವು ವಿದ್ಯೆಗೆ ಸಮೀಪವಾದಷ್ಟೂ ನಿರ್ಣಯವು ಅಧ್ಯಾಪಕರ ಕೈಯಲ್ಲಿಯೂ, ಧನಕ್ಕೂ ಅಧಿಕಾರಕ್ಕೂ ಸಮೀಪವಾದಷ್ಟೂ ಸರ್ಕಾರದ ಕೈಯಲ್ಲಿಯೂ ಇರುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಡೆಯ ಅಂಗವಾದ ಸಂಗತಿಯೆಂದರೆ ನಿರ್ಣಯವು ಹಿಂದುಮುಂದಿನ ಪ್ರಕರಣಗಳೊಡನೆ ಹೊಂದಿಕೊಳ್ಳುವುದು. ಲೋಕವ್ಯವಹಾರದಲ್ಲಿ ಇದಕ್ಕೆ ದ್ರವ್ಯವನ್ನೂ ನಿರ್ವಾಹವನ್ನೂ ಸೇರಿಸಬೇಕಾಗುತ್ತದೆ. ಇದಕ್ಕೆ ಉತ್ತಮವಾದ ದೃಷ್ಟಾಂತವು ಇದೇ ಸೀಮೆಯಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿದೆ. ಅದು ಭಂಡಾರಿ ಬಸದಿಯಲ್ಲಿರುವ, ಕ್ರಿ. ಶ. 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಲು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಉಭಯಪಕ್ಷಗಳ ಸಮಕ್ಷದಲ್ಲಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ನಿರ್ಣಯವು ಅಲ್ಲಿಗೇ ನಿಲ್ಲಲಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಡಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಪಕ್ಷಗಳನ್ನು ಕರೆಸಿದ್ದು, ವಿಧಿ, ವೆಚ್ಚದ ಮೂಲ, ನಡೆಸತಕ್ಕವನ ಹೆಸರು, ಶಿಲೆಯ ಮೇಲಣ ಬರಹ ಇವೆಲ್ಲವೂ ಒಂದೆಡೆ ಕೂಡಿರುವುದರಿಂದಲೇ ಅದು ಪೂರ್ಣವಾದ ನಿರ್ಣಯ.

ಈ ಅಳತೆಗೋಲಿನಿಂದ ಹಾಸನದ ಪ್ರಕರಣವನ್ನು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದ ಹಾಸನ ಜಿಲ್ಲೆಗೆ, 2022ರ ತಿದ್ದುಪಡಿ ಕಾಯಿದೆಯಿಂದ, ಬೇರೆ ಆರು ಜಿಲ್ಲೆಗಳಿಗೆ ದೊರೆತಂತೆ, ಪ್ರತ್ಯೇಕ ವಿಶ್ವವಿದ್ಯಾನಿಲಯವು ದೊರೆಯಿತು. ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರವೇ ಅದರ ನೆಲೆ; 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಸಚಿವಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾನಿಲಯಗಳ ಪೈಕಿ, ಹಾಸನವೂ ಸೇರಿ, ಒಂಬತ್ತನ್ನು ಮುಚ್ಚಿ ಮೂಲ ವಿಶ್ವವಿದ್ಯಾನಿಲಯಗಳಲ್ಲಿ ಸೇರಿಸಬೇಕೆಂಬ ಅಭಿಪ್ರಾಯಕ್ಕೆ ಬಂದಿತು. ಧನದ ಅಭಾವವೂ ಸೌಕರ್ಯಗಳ ಕೊರತೆಯೂ ಅದಕ್ಕೆ ಹೇಳಿದ ಕಾರಣಗಳು. ಆಕ್ಷೇಪಣೆಗಳು ಕೇಳಿಬಂದುದು ಅಭಿಪ್ರಾಯವು ಹೊರಬಿದ್ದ ಮೇಲೆ. ಅಂದರೆ ಪೂರ್ವಪಕ್ಷವು ಸಿದ್ಧಾಂತದ ಹಿಂದೆ ಬಂದಂತಾಯಿತು. ಕಾಯಿದೆಯಿಂದ ಹುಟ್ಟಿದುದನ್ನು ಕಾಯಿದೆಯಿಂದಲೇ ತೆಗೆಯಬೇಕಾದ ಕಾರಣ, ಉಪಸಮಿತಿಯ ಅಭಿಪ್ರಾಯವು ತಾನಾಗಿ ನಿರ್ಣಯವಾಗದು.

ಉಪಸಮಿತಿಯು ಹೇಳಿದ ಕಾರಣಗಳು ಹುರುಳಿಲ್ಲದವಲ್ಲ. ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳನ್ನು ಹೆಚ್ಚಾಗಿ ನೆಚ್ಚಿಕೊಂಡ ಸಂಸ್ಥೆಗೆ ಒಂದೇ ಜಿಲ್ಲೆಯ ಕಾಲೇಜುಗಳಿಂದ ನಡೆಯುವುದು ಕಷ್ಟ. ಆದರೆ ಈ ಕಷ್ಟವನ್ನು ಎತ್ತಿ ಚರ್ಚಿಸಬೇಕಾದ ಕಾಲವು 2022. ಅಂದು ವೆಚ್ಚದ ಮೂಲವನ್ನು ದೃಢಪಡಿಸಿದ್ದರೆ 2025ರಲ್ಲಿ ಅದೇ ಪ್ರಶ್ನೆಯು ಮರಳಿ ಏಳುತ್ತಿರಲಿಲ್ಲ. ಎರಡು ಸಾರಿಯೂ ಮುಖ್ಯವಾದ ವಿಚಾರವು ಸಿಂಡಿಕೇಟಿನ ಹೊರಗೇ ನಡೆದುದೆಂಬುದನ್ನು ಗಮನಿಸಬೇಕು.

ಇದರ ಫಲವನ್ನು ಉಣ್ಣುವವರು ಸಾಮಾನ್ಯರು. ಒಂದು ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಸೇರಿ ಮತ್ತೊಂದರ ಹೆಸರಿನಲ್ಲಿ ಹೊರಬರಬೇಕಾದೀತೇ ಎಂಬ ಶಂಕೆ ಹೊಳೆನರಸೀಪುರದ ವಿದ್ಯಾರ್ಥಿಗೆ. ಜಿಲ್ಲೆಯಲ್ಲಿಯೇ ಅಧ್ಯಯನ ಮಂಡಲಿಯಿದ್ದರೆ ಚನ್ನರಾಯಪಟ್ಟಣದ ಕನ್ನಡ ಅಧ್ಯಾಪಕರಿಗೆ ಪಠ್ಯವನ್ನು ಗೊತ್ತುಮಾಡುವಲ್ಲಿ ದೊರೆಯುವ ಸ್ಥಾನವು, ನಾಲ್ಕು ಜಿಲ್ಲೆಗಳಿಗೆ ಒಂದೇ ಮಂಡಲಿಯಿದ್ದಾಗ ಅಷ್ಟು ಸುಲಭವಾಗಿ ದೊರೆಯದು.

ಆದಕಾರಣ, ಸಿಂಡಿಕೇಟು ಪ್ರಬಲವೋ ದುರ್ಬಲವೋ ಎಂಬ ಚರ್ಚೆಗಿಂತ, ನಿರ್ಣಯದ ಐದು ಅಂಗಗಳಲ್ಲಿ ಯಾವುದು ಎಲ್ಲಿ ಲೋಪವಾಯಿತೆಂದು ಪರೀಕ್ಷಿಸುವುದೇ ಯುಕ್ತವಾದ ಮಾರ್ಗ. ಸೆನೆಟ್ಟು ಹೋದ ಮೇಲೆ ಪೂರ್ವಪಕ್ಷಕ್ಕೆ ಉಳಿದಿರುವ ಸ್ಥಳಗಳು ಅಧ್ಯಯನ ಮಂಡಲಿಯೂ ವಿದ್ಯಾವಿಷಯಕ ಪರಿಷತ್ತೂ ಆಗಿವೆ. ಅಲ್ಲಿ ಕುಳಿತ ಅಧ್ಯಾಪಕರು ತಮ್ಮ ಆಕ್ಷೇಪಣೆಯನ್ನು ಬಾಯಿಮಾತಿಗೆ ಬಿಡದೆ ನಡವಳಿಯ ಪುಸ್ತಕದಲ್ಲಿ ಬರೆಯಿಸುವುದು ಕರ್ತವ್ಯ. ಬೆಳಗೊಳದ ಕಲ್ಲು ಆರೂವರೆ ಶತಮಾನಗಳ ಮೇಲೆಯೂ ಎರಡು ಪಕ್ಷಗಳ ಹೆಸರನ್ನೂ ಹೇಳುತ್ತಿರುವುದು, ಅಂದಿನವರು ಅದನ್ನು ಬರೆದಿಟ್ಟುದರಿಂದಲೇ.