ಅಜ್ಜ ಬಡಿದ ರೊಟ್ಟಿ

ನಾನು ಹೈಸ್ಕೂಲಿನಲ್ಲಿ 33 ವರ್ಷ ಗಣಿತ ಕಲಿಸಿದವನು. ವೃತ್ತ, ವ್ಯಾಸ, ಪರಿಧಿ ಎಂದು ಸಾವಿರಾರು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ 68 ವರ್ಷ ತುಂಬುವವರೆಗೂ ಈ ಕೈಗೆ ಒಂದು ದುಂಡನೆಯ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬರಬೇಕೆಂದು ಅನ್ನಿಸಿಯೂ ಇರಲಿಲ್ಲ. ಹಸಿವಾದಾಗ ತಾಟಿನ ಮುಂದೆ ಕೂತರೆ ಬಿಸಿ ರೊಟ್ಟಿ ಬಂದು ಬೀಳುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ಯಾರು ಕೇಳುತ್ತಾರೆ?

ಕಳೆದ ವರ್ಷ ಜೂನ್ ಕೊನೆಯ ವಾರ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ನಮ್ಮ ಮನೆಯವರು ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಕೈಗೆ ಯಾವ ಕೆಲಸವನ್ನೂ ಕೊಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು.

ಮನೆಯಲ್ಲಿ ರೊಟ್ಟಿ ನಿಂತಿತು. ಸೊಸೆ ಬೆಳಿಗ್ಗೆ ಎಂಟರ ಬಸ್ಸಿಗೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳು ಮಾಡುವ ಚಪಾತಿ ಬಲು ಮೆತ್ತಗೆ, ಆದರೆ ರೊಟ್ಟಿ ಬಡಿಯುವುದು ಅವಳಿಗೂ ಬಾರದು. ಅಂಗಡಿಯಿಂದ ರೊಟ್ಟಿ ತಂದೆವು. ನಮ್ಮ ಮನೆಯವರು ಅರ್ಧ ಮುರಿದು ತಿಂದು ಉಳಿದರ್ಧ ಹಾಗೇ ಬಿಡುತ್ತಿದ್ದರು. ‘ಯಾಕ?’ ಎಂದರೆ ‘ಹಸಿವಿಲ್ಲ’ ಎನ್ನುತ್ತಿದ್ದರು. ಒಂದು ರಾತ್ರಿ ಮಾತ್ರ ನಿಜ ಹೇಳಿದರು: ‘ಈ ಸಲ ರೊಟ್ಟಿ ಹಬ್ಬಕ್ಕ ನಮ್ಮನಿಯಿಂದ ಯಾರ ಮನಿಗೂ ರೊಟ್ಟಿ ಹೋಗೂದಿಲ್ಲ, ನೋಡ್ರಿ.’

ನಮ್ಮ ಕಡೆಯವರಿಗೆ ಈ ಮಾತಿನ ಭಾರ ಗೊತ್ತು. ಬೇರೆ ಕಡೆಯ ಮಕ್ಕಳಿಗಾಗಿ ಹೇಳುತ್ತೇನೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಯ ಹಬ್ಬ ಶುರುವಾಗುವುದೇ ರೊಟ್ಟಿಯಿಂದ. ನಾಗಪ್ಪನಿಗೆ ಹಾಲೆರೆಯುವ ಮುಂಚಿನ ದಿನ ರೊಟ್ಟಿ ಹಬ್ಬ. ಜೋಳದ ತೆಳು ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಡಕಿಕಾಳು ಪಲ್ಯ, ಎಣ್ಣೆಗಾಯಿ ಎಲ್ಲವನ್ನೂ ತಾಟಿನಲ್ಲಿಟ್ಟು ಓಣಿಯ ಮನೆಮನೆಗೆ ಕೊಡುತ್ತಾರೆ. ಅವರ ಮನೆಯ ರೊಟ್ಟಿ ನಮ್ಮಲ್ಲಿಗೆ ಬರುತ್ತದೆ. ಇವರು ಈ ಮನೆಗೆ ಬಂದು 42 ವರ್ಷ. ಒಂದು ಪಂಚಮಿಗೂ ನಮ್ಮ ತಾಟು ತಪ್ಪಿರಲಿಲ್ಲ.

ಒಂದು ಲೆಕ್ಕ

ಮರುದಿನ ಏಳನೆಯ ಇಯತ್ತೆ ಓದುವ ಮೊಮ್ಮಗಳನ್ನು ಕರೆದು ಒಂದು ಲೆಕ್ಕ ಕೊಟ್ಟೆ. ‘ನಿಮ್ಮ ಆಯಿ ದಿನಕ್ಕ 10 ರೊಟ್ಟಿ ಬಡದಾಳಂತ ಇಟ್ಕೊ. 42 ವರ್ಷಕ್ಕ ಎಷ್ಟಾತು?’

ಅವಳು ಬೆರಳು ಮಡಚಿ, ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಹೇಳಿದಳು: ‘1,53,300. ಆದ್ರ ಅಧಿಕ ವರ್ಷ ಹಿಡಿದಿಲ್ಲ ಅಜ್ಜಾ.’

ಒಂದೂವರೆ ಲಕ್ಷ! ಹಳಗನ್ನಡ ಕಾವ್ಯಗಳಲ್ಲಿ ‘ಜೋಳದ ಪಾಳಿ’ ಎಂಬ ಮಾತು ಬರುತ್ತದೆ. ಯಾರ ಜೋಳ ಉಂಡಿದ್ದೇವೋ ಅವರ ಋಣ ತೀರಿಸುವುದು ಎಂದರ್ಥ. ಅಂದಿನ ವೀರರು ಆ ಋಣಕ್ಕಾಗಿ ಯುದ್ಧಭೂಮಿಯಲ್ಲಿ ಪ್ರಾಣವನ್ನೇ ಕೊಡುತ್ತಿದ್ದರು. ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅಡುಗೆಮನೆಯವರೆಗೆ ಹೋದರೆ ಸಾಕಿತ್ತು.

ಆಸ್ಟ್ರೇಲಿಯಾ ಮತ್ತು ಯೀಸ್ಟ್

ಮೊದಲ ದಿನ ಚಪಾತಿ ಹಿಟ್ಟಿನ ಹಾಗೆ ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದೆ. ಬಡಿಯಲು ಹೋದರೆ ಅಂಚೆಲ್ಲ ಬಿರುಕು. ಎತ್ತಲು ಹೋದರೆ ಮೂರು ತುಂಡು. ಹಂಚಿನ ಮೇಲೆ ಹೇಗೋ ಜೋಡಿಸಿಟ್ಟೆ. ಮೊಮ್ಮಗಳು ಬಗ್ಗಿ ನೋಡಿ ‘ಅಜ್ಜಾ, ಇದು ಆಸ್ಟ್ರೇಲಿಯಾ ಆಗೇತಿ!’ ಎಂದಳು. ಬಿದ್ದ ದಿನದಿಂದ ನಗದೇ ಇದ್ದ ನಮ್ಮ ಮನೆಯವರು ಆವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಮೊಮ್ಮಗಳು ಒಂದು ಪ್ರಶ್ನೆ ಹಾಕಿದಳು. ಆ ವಾರ ಅವಳ ಶಾಲೆಯಲ್ಲಿ ಬೆಚ್ಚನೆಯ ನೀರು, ಸಕ್ಕರೆ, ಯೀಸ್ಟ್ ಹಾಕಿದ ಬಾಟಲಿಯ ಬಾಯಿಗೆ ಬಲೂನು ಕಟ್ಟಿ ಅದು ಉಬ್ಬುವುದನ್ನು ತೋರಿಸಿದ್ದರಂತೆ. ‘ಬ್ರೆಡ್ಡಿಗೆ ಯೀಸ್ಟ್ ಹಾಕ್ತಾರ, ಅದಕ್ಕ ಉಬ್ಬತೈತಿ. ನೀನೂ ರೊಟ್ಟಿಗೆ ಯೀಸ್ಟ್ ಹಾಕಿದ್ರ?’

ಒಳ್ಳೆಯ ಪ್ರಶ್ನೆ. ಯೀಸ್ಟ್ ಒಂದು ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಗೋಧಿಯಲ್ಲಿರುವ ಪ್ರೋಟೀನು, ನೀರು ಬಿದ್ದು ನಾದಿದಾಗ ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತದೆ. ಆ ಬಲೆ ಅನಿಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ಡು ಉಬ್ಬುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಯೀಸ್ಟ್ ಹಾಕಿದರೂ ಅನಿಲ ತೂತುಬಿದ್ದ ಬಲೂನಿನ ಗಾಳಿಯಂತೆ ಹೊರಗೆ ಹೋಗುತ್ತದೆ. ತಣ್ಣೀರಿನಲ್ಲಿ ಕಲಸಿದ ನನ್ನ ಹಿಟ್ಟು ಒಡೆದು ಆಸ್ಟ್ರೇಲಿಯಾ ಆದದ್ದೂ ಇದೇ ಕಾರಣಕ್ಕೆ. ಅದರ ಕಣಗಳನ್ನು ಹಿಡಿದಿಡುವ ಅಂಟು ಇರಲಿಲ್ಲ.

ಹಾಗಾದರೆ ಆಯಿಯ ರೊಟ್ಟಿ ಒಡೆಯದೆ ಪೂರಿಯಂತೆ ಉಬ್ಬುತ್ತಿದ್ದುದು ಹೇಗೆ?

ಗುಟ್ಟು ಎಸರಿನಲ್ಲಿದೆ

ಎರಡನೆಯ ದಿನ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಎಡಗೈಯಿಂದ ಡಬ್ಬಿಯ ಹಿಟ್ಟನ್ನು ಚಿಟಿಕೆ ತೆಗೆದು ಮೂಸಿ ನೋಡಿದರು. ‘ಹಳೇ ಹಿಟ್ಟು. ಜಿಗಿ ಇಲ್ಲ. ಗಿರಣಿಗೆ ಹೋಗ್ರಿ’ ಎಂದರು. ಬಿಳಿಜೋಳ ಬೀಸಿಸಿಕೊಂಡು ಬಂದೆ. ನಮ್ಮ ಮನೆಗೆ ಮಾಲದಂಡಿ ಜೋಳವೇ ಆಗಬೇಕು. ಕರಿಮಣ್ಣಿನ ಹೊಲದಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಿನೊಳಗಿನ ಹಸಿಯನ್ನೇ ಕುಡಿದು ಚಳಿಗಾಲದಲ್ಲಿ ಬೆಳೆಯುವ ಜೋಳ ಅದು.

‘ಈಗ ಎಸರು ಇಡ್ರಿ. ಗಡಬಡಿ ಮಾಡಬ್ಯಾಡ್ರಿ, ಮಳ್ಳಲಿ’ ಎಂದರು. ಎಸರು ಅಂದರೆ ಕುದಿಯುವ ನೀರು. ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿ, ಮಳ್ಳುವ ಎಸರನ್ನು ಸುರಿದು ಸೌಟಿನ ಹಿಡಿಯಿಂದ ಕಲಸಿದೆ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದೆ. ನಿನ್ನೆ ಮರಳಿನಂತಿದ್ದ ಹಿಟ್ಟು ಇಂದು ಜೇಡಿಮಣ್ಣಿನಂತೆ ಒಂದಾಯಿತು!

ಮಕ್ಕಳೇ, ಜೋಳದ ಹಿಟ್ಟಿನ ಬಹುಭಾಗ ಪಿಷ್ಟ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ತಾಗಿದರೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗಾಳಿಪಟಕ್ಕೆ ಹಚ್ಚಲು ಹಿಟ್ಟು ಕುದಿಸಿ ಅಂಟು ಮಾಡುತ್ತೀರಲ್ಲ, ಅದೇ ಕೆಲಸ ಇಲ್ಲಿಯೂ ಆಗುತ್ತದೆ. ಗೋಧಿಗೆ ಗ್ಲುಟೆನ್ ಮಾಡುವ ಕೆಲಸವನ್ನು ಜೋಳಕ್ಕೆ ಎಸರು ಮಾಡುತ್ತದೆ. ಮಲೆನಾಡಿನ ಉಕ್ಕರಿಸಿದ ಅಕ್ಕಿ ರೊಟ್ಟಿಯ ಹಿಂದೆಯೂ ಇದೇ ಉಪಾಯವಿದೆ. ಯಾವ ಪುಸ್ತಕವನ್ನೂ ಓದದೆ ನಮ್ಮ ಹಿರಿಯ ಹೆಣ್ಣುಮಕ್ಕಳು ಇದನ್ನು ಕಂಡುಕೊಂಡಿದ್ದರು.

ಇನ್ನು ಉಬ್ಬುವ ವಿಷಯ. ಅದು ಉಗಿಯ ಕೆಲಸ. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹಂಚಿನ ಮೇಲೆ ರೊಟ್ಟಿಯ ಎರಡೂ ಮೈ ಬೆಂದು ಗಟ್ಟಿಯಾದಾಗ ಒಳಗಿನ ನೀರು ಉಗಿಯಾಗಿ ಎರಡು ಪದರಗಳನ್ನು ಬೇರೆ ಮಾಡಿ ಮೇಲೆತ್ತುತ್ತದೆ. ಎಲ್ಲಾದರೂ ಒಂದು ಸಣ್ಣ ಬಿರುಕಿದ್ದರೆ ಉಗಿ ಅಲ್ಲಿಂದಲೇ ಪರಾರಿ. ಅದಕ್ಕೇ ಅಂಚು ಒಡೆಯಬಾರದು ಎನ್ನುವುದು.

ವಿಜ್ಞಾನ ತಿಳಿಯಿತು. ಕೈ ಮಾತ್ರ ಕೇಳಲಿಲ್ಲ. ಬಲಗೈಯಿಂದ ತಟ್ಟುತ್ತ ಎಡಗೈಯಿಂದ ಅಂಚು ಕಾಯಬೇಕು. ಪ್ರತಿ ಪೆಟ್ಟಿಗೂ ರೊಟ್ಟಿ ತಾನೇ ಸುತ್ತಬೇಕು. ನಾನು ಬಡಿದರೆ ಸುತ್ತುತ್ತಲೇ ಇರಲಿಲ್ಲ. ‘ಹೊಡೀಬ್ಯಾಡ್ರಿ, ಅದೇನು ಲೆಕ್ಕ ತಪ್ಪಿದ ಹುಡುಗನ ಬೆನ್ನಲ್ಲ’ ಎಂದರು ನಮ್ಮ ಮನೆಯವರು. ಮೊಮ್ಮಗಳ ಕೈಗೆ ಮಾತ್ರ ಐದನೆಯ ದಿನಕ್ಕೇ ಆ ತಾಳ ಸಿಕ್ಕಿತು. ಪಟ್ ಪಟ್ ಪಟ್ ಎಂಬ ಸದ್ದು ಕೇಳಿ ಅವಳ ಆಯಿ ಕುರ್ಚಿಯಲ್ಲೇ ನೆಟ್ಟಗೆ ಕೂತರು. ತಿಂಗಳಾಗಿತ್ತು ನಮ್ಮ ಮನೆಯಲ್ಲಿ ಆ ಸದ್ದು ಕೇಳಿ.

ನೀವೂ ಮಾಡಿ ನೋಡಿ

ಹೊಸದಾಗಿ ಬೀಸಿದ ಜೋಳದ ಹಿಟ್ಟು 2 ಲೋಟ, ಅದೇ ಲೋಟದಲ್ಲಿ ಒಂದೂವರೆ ಲೋಟದಷ್ಟು ನೀರು. ಐದಾರು ರೊಟ್ಟಿಯಾಗುತ್ತವೆ. ಬೇಕಿದ್ದರೆ ಚಿಟಿಕೆ ಉಪ್ಪು. ಎಸರು ಮತ್ತು ಹಂಚಿನ ಕೆಲಸ ದೊಡ್ಡವರದು. ನಾದುವುದು, ಬಡಿಯುವುದು ಮಕ್ಕಳದು.

1. ಹಿಟ್ಟನ್ನು ಸಾಣಿಸಿಕೊಳ್ಳಿ. ಹಚ್ಚಿಕೊಳ್ಳಲು ಒಂದು ಹಿಡಿ ಬೇರೆ ತೆಗೆದಿಡಿ.
2. ಚೆನ್ನಾಗಿ ಕುದಿದ ಎಸರನ್ನು ಮೊದಲು ಒಂದು ಲೋಟದಷ್ಟು ಹಿಟ್ಟಿನ ನಡುವೆ ಸುರಿದು ಸೌಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಿ.
3. ಉಳಿದ ನೀರು ಉಗುರುಬೆಚ್ಚಗಾದ ಮೇಲೆ ಅದನ್ನೇ ಚಿಮುಕಿಸುತ್ತ, ಒಂದೊಂದು ರೊಟ್ಟಿಗಾಗುವಷ್ಟು ಹಿಟ್ಟನ್ನು ನುಣ್ಣಗೆ ನಾದಿ. ಉಂಡೆ ಒತ್ತಿದರೆ ಅಂಚು ಒಡೆಯಬಾರದು.
4. ಕೆಳಗೆ ಒಣಹಿಟ್ಟು ಉದುರಿಸಿ, ಬೆರಳು ಕೂಡಿಸಿಕೊಂಡು ಅಂಗೈಯಿಂದ ಹಗುರವಾಗಿ ಬಡಿಯಿರಿ.
5. ಒಣಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ.
6. ನೀರು ಆರುತ್ತಲೇ ತಿರುವಿ ಹಾಕಿ. ಇನ್ನೊಂದು ಮೈ ಬೆಂದ ಮೇಲೆ ಮತ್ತೆ ತಿರುವಿ ಅರಿವೆಯಿಂದ ಮೆಲ್ಲಗೆ ಒತ್ತಿದರೆ ರೊಟ್ಟಿ ಉಬ್ಬುತ್ತದೆ. ಉಗಿ ಸುಡುತ್ತದೆ, ಕೈ ಹುಷಾರು.

ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಇದ್ದರೆ ಇನ್ನೇನೂ ಬೇಡ. ತೆಳ್ಳಗೆ ಬಡಿದು ಒಲೆಯ ಪಕ್ಕ ಗರಿಗರಿಯಾಗಿ ಒಣಗಿಸಿದರೆ ಕಡಕ್ ರೊಟ್ಟಿ. ಅದರಲ್ಲಿ ನೀರಿನ ಅಂಶ ಉಳಿಯದ ಕಾರಣ ಬೂಸ್ಟು ಹಿಡಿಯದೆ ವಾರಗಟ್ಟಲೆ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಊರವರು ಮನೆಮನೆಯಲ್ಲಿ ಬಡಿದು ಲಕ್ಷಗಟ್ಟಲೆ ರೊಟ್ಟಿ ಕಳಿಸಿಕೊಡಲು ಸಾಧ್ಯವಾಗುವುದೂ ಈ ಗುಣದಿಂದಲೇ.

ತಾಟು ತಪ್ಪಲಿಲ್ಲ

ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ಐದಕ್ಕೇ ನಾವಿಬ್ಬರೂ ಎದ್ದೆವು. ಸೊಸೆ ಚಟ್ನಿ, ಪಲ್ಯ ಮಾಡಿಕೊಟ್ಟಳು. ಹಂಚು ನನ್ನದು, ಬಡಿಯುವುದು ಮೊಮ್ಮಗಳದು. 23 ರೊಟ್ಟಿಯಾದವು. ಆಯಿ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ನೋಡಿ 15 ಆರಿಸಿದರು. ಐದು ಮನೆಗೆ ಮೂರರಂತೆ ತಾಟು ಸಿದ್ಧವಾಯಿತು. ಮೊಮ್ಮಗಳು ಹಂಚಿ ಬಂದಳು.

ಮೂರನೆಯ ಮನೆಯ ಅಕ್ಕಾವರು ತಾವೇ ಸಜ್ಜೆ ರೊಟ್ಟಿ ಹಿಡಿದುಕೊಂಡು ಬಂದರು. ‘ಕೈಗೆ ಪ್ಲಾಸ್ಟರ್ ಐತಿ, ಹೆಂಗ ಬಡದ್ರಿ?’ ಎಂದು ಕೇಳಿದರು. ನಮ್ಮ ಮನೆಯವರು ಏನೂ ಹೇಳದೆ ಮೊಮ್ಮಗಳ ಬೆನ್ನ ಮೇಲೆ ಎಡಗೈ ಇಟ್ಟರು.

ಆಮೇಲೆ ನಾವು ಊಟಕ್ಕೆ ಕೂತೆವು. ನಾನು ಬೇಯಿಸಿದ ರೊಟ್ಟಿಯನ್ನು ಅವರು ಮುರಿದು, ಪದರ ಬಿಟ್ಟಿದೆಯೇ ಎಂದು ನೋಡಿದರು. ‘ಅಂಚು ಇನ್ನೂ ದಪ್ಪ ಐತಿ’ ಎಂದರು. ತಿಂದು ಮುಗಿಸಿ ತಾಟು ಮುಂದೆ ಚಾಚಿದರು. ‘ಇನ್ನೊಂದು ಹಾಕ್ರಿ.’

ಪ್ಲಾಸ್ಟರ್ ತೆಗೆದು ಈಗ ವರ್ಷವಾಗುತ್ತ ಬಂತು. ಕೈ ಗುಣವಾಗಿದೆ, ಆದರೆ ನಾದುವ ಶಕ್ತಿ ಪೂರ್ತಿ ಮರಳಿಲ್ಲ. ಮರಳಲೇಬೇಕೆಂದೂ ಇಲ್ಲ. ಅವರು ಕುರ್ಚಿಯಲ್ಲಿ ಕೂತು ತಪ್ಪು ಹೇಳುತ್ತಾರೆ, ನಾವು ತಿದ್ದಿಕೊಳ್ಳುತ್ತೇವೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳು ದಿನದ ರೊಟ್ಟಿಯ ಸಂಖ್ಯೆ ಬರೆಯುತ್ತಾಳೆ. ನಿನ್ನೆಗೆ 1,240 ಆಗಿದೆ. ಒಂದೂವರೆ ಲಕ್ಷಕ್ಕೆ ಇನ್ನೂ ಬಹಳ ಬಾಕಿ.